ಬಯಲಿನ ಕಬ್ಬಿಣದ ಗೋಪುರಗಳು

(ಬಾನುಲಿ ಭಾಷಣ)

ಗೋಪುರವೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ದೇವಾಲಯದ ಹೆಬ್ಬಾಗಿಲು. ವಿದ್ಯುತ್ತಿನ ತಂತಿಗಳನ್ನು ಹೊತ್ತು ಹೊಲಗದ್ದೆಗಳ ನಡುವೆ ನಿಂತಿರುವ ಕಬ್ಬಿಣದ ರಚನೆಗೂ ಕನ್ನಡವು ಅದೇ ಹೆಸರನ್ನು ಕೊಟ್ಟಿದೆ. ವಿಚಿತ್ರವೆಂದರೆ ಇಂಗ್ಲಿಷಿನಲ್ಲಿಯೂ ಇಂಥದೇ ಸಂಗತಿ ನಡೆದಿದೆ. ಇಂಗ್ಲೆಂಡಿನ ಜನ ಇದನ್ನು ‘ಪೈಲನ್’ ಎಂದು ಕರೆಯುತ್ತಾರೆ. ಅದು ಹೆಬ್ಬಾಗಿಲು ಎಂಬ ಅರ್ಥದ ಗ್ರೀಕ್ ಮಾತು. ಪ್ರಾಚೀನ ಈಜಿಪ್ಟಿನ ದೇವಾಲಯಗಳ ಮಹಾದ್ವಾರಗಳಿಗೆ ವಿದ್ವಾಂಸರು ಬಳಸುತ್ತಿದ್ದ ಹೆಸರು. ಒಂದನ್ನೊಂದು ಕೇಳದೆ ಎರಡು ಭಾಷೆಗಳೂ ದೇಗುಲದ ಬಾಗಿಲಿನಿಂದಲೇ ಹೆಸರನ್ನು ಎರವಲು ತಂದುಕೊಂಡವು. ಹೊಸ ಕಾಲದ ಈ ಎತ್ತರಕ್ಕೆ ಹಳೆಯ ಎತ್ತರದ ಹೆಸರಲ್ಲದೆ ಬೇರೊಂದು ಹೆಸರು ಜನಕ್ಕೆ ತೋಚಲಿಲ್ಲವೆಂದು ಕಾಣುತ್ತದೆ.

ದೇವಾಲಯದ ಮುಂದೆ ನಿಂತಾಗ ಅದರ ಅಧಿಷ್ಠಾನವನ್ನೂ ಕಂಬಗಳ ಕಡೆತವನ್ನೂ ಶಿಖರದ ಬಗೆಯನ್ನೂ ನೋಡಿ, ಇದು ಚಾಳುಕ್ಯರದು, ಇದು ಹೊಯ್ಸಳರದು, ಇದು ವಿಜಯನಗರದ ಕಾಲದ್ದು ಎಂದು ಹೇಳಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಅವರೇ ರೈಲಿನ ಕಿಟಕಿಯಿಂದ ಕಬ್ಬಿಣದ ಗೋಪುರಗಳ ಸಾಲನ್ನು ಕಂಡಾಗ ‘ಟವರ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಈ ಗೋಪುರಗಳೂ ಒಂದೇ ಬಗೆಯವಲ್ಲ. ಕೆಲವಕ್ಕೆ ಮೂರು ತೋಳು, ಕೆಲವಕ್ಕೆ ಆರು, ಕೆಲವಕ್ಕೆ ಎರಡೇ ಎರಡು. ಕೆಲವು ಸಣ್ಣ ಸೊಂಟದವು, ಕೆಲವು ಕಾಲುಗಳನ್ನು ಅಗಲಿಸಿ ಬಿಗಿದು ನಿಂತಿರುವಂಥವು. ಒಂದೊಂದು ಭೇದಕ್ಕೂ ಒಂದು ಕಾರಣವಿದೆ, ಒಂದು ಕಾಲವಿದೆ. ಎಷ್ಟು ವಿದ್ಯುತ್ತು ಹರಿಯುತ್ತಿದೆ, ಯಾವ ಯುಗದ ವಿದ್ಯೆ ಇದನ್ನು ಕಟ್ಟಿತು, ಯಾರಿಗಾಗಿ ಕಟ್ಟಿತು, ಯಾರ ನೆಲದ ಮೇಲೆ ಕಟ್ಟಿತು ಎಂಬುದನ್ನೆಲ್ಲ ಹೇಳುವ ಶಾಸನಗಳಿವು. ಅಕ್ಷರಗಳನ್ನು ಕಲಿತರೆ ಓದುವುದು ಕಷ್ಟವಲ್ಲ.

ಕನ್ನಡನಾಡಿನಲ್ಲಿ ಈ ಕಥೆ ಮೊದಲಾಗುವುದು ಶಿವನಸಮುದ್ರದಲ್ಲಿ. ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಬಹುದೆಂಬ ಯೋಜನೆಯನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಸೇನಾ ಇಂಜಿನಿಯರು ಜೋಲಿ ಡಿ ಲಾಟ್‌ಬಿನಿಯೇರ್ ರೂಪಿಸಿದರು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದಕ್ಕೆ ಬೆನ್ನಾಗಿ ನಿಂತರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್ ದಾರಿಯನ್ನು ಕ್ರಮಿಸಿ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನಲ್ಲಿದ್ದ ಅತ್ಯಂತ ಉದ್ದದ ತಂತಿಮಾರ್ಗಗಳ ಸಾಲಿಗೆ ಸೇರಬೇಕಾದದ್ದು ಅದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಈ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿದ್ದು ಮೂರು ವರ್ಷಗಳ ತರುವಾಯ, 1905ರ ಆಗಸ್ಟ್‌ನಲ್ಲಿ. ಮೊದಲು ಗಣಿ, ಅನಂತರ ನಗರ: ಈ ಅನುಕ್ರಮವನ್ನು ನಾವು ನೆನಪಿನಲ್ಲಿಡಬೇಕು. ಮಾರ್ಗದ ಉದ್ದಕ್ಕೂ ಇದ್ದ ಹಳ್ಳಿಗಳ ಸರದಿ ಬರಲು ದಶಕಗಳೇ ಹಿಡಿದವು.

ಅಂದಿನ ತಂತಿಗಳು ಕಂಬದ ಮೇಲೆ ಕುಳಿತಿರುತ್ತಿದ್ದವು. ಇದೇ ನಮ್ಮ ಮೊದಲ ಅಕ್ಷರ. ಅಡ್ಡತೋಳಿನ ಮೇಲೆ ಗಂಟೆಯಾಕಾರದ ಒಂದು ಪಿಂಗಾಣಿ ನಿರೋಧಕ, ಅದರ ನೆತ್ತಿಗೆ ಬಿಗಿದ ತಂತಿ. ಇಂದಿಗೂ ಹಳ್ಳಿಗಳ ನಡುವೆ ಓಡುವ 11 ಸಾವಿರ ವೋಲ್ಟಿನ ಕಂಬಗಳಲ್ಲಿ ಈ ರೀತಿಯನ್ನು ಕಾಣಬಹುದು. ವಿದ್ಯುತ್ತು ತಂತಿಯಿಂದ ಕಂಬಕ್ಕೆ ಹಾರದಂತೆ ತಡೆಯುವುದು ಪಿಂಗಾಣಿಯ ಕೆಲಸ. ದೂರ ಹೆಚ್ಚಿದಂತೆ ವೋಲ್ಟೇಜನ್ನು ಹೆಚ್ಚಿಸಬೇಕು. ಇಲ್ಲವಾದರೆ ದಾರಿಯಲ್ಲಿಯೇ ವಿದ್ಯುತ್ತು ಶಾಖವಾಗಿ ಸೋರಿಹೋಗುತ್ತದೆ. ವೋಲ್ಟೇಜು ಹೆಚ್ಚಿದಂತೆ ಪಿಂಗಾಣಿಯ ಗಂಟೆ ದೊಡ್ಡದಾಗಬೇಕು. ಆರೇಳು ಹತ್ತುಸಾವಿರ ವೋಲ್ಟುಗಳ ಹೊತ್ತಿಗೆ ಅದು ಎಷ್ಟು ಭಾರವೂ ಎತ್ತರವೂ ಆಯಿತೆಂದರೆ, ಅದರ ಮೇಲೆ ತಂತಿಯನ್ನು ಕೂರಿಸುವುದೇ ಅಪಾಯವಾಯಿತು.

ಈ ಕಟ್ಟನ್ನು ಬಿಡಿಸಿದವರು ಅಮೆರಿಕದ ಹ್ಯೂಲೆಟ್ ಮತ್ತು ಬಕ್ ಎಂಬ ಇಬ್ಬರು ಇಂಜಿನಿಯರುಗಳು. 1907ರಲ್ಲಿ ಅವರು ತಂತಿಯನ್ನು ತೋಳಿನ ಮೇಲಿನಿಂದ ಇಳಿಸಿ ಕೆಳಗೆ ತೂಗುಹಾಕಿದರು. ಒಂದೇ ದೊಡ್ಡ ಗಂಟೆಯ ಬದಲು ತಟ್ಟೆಯಂಥ ಸಣ್ಣ ಬಿಲ್ಲೆಗಳನ್ನು ಸರದಂತೆ ಪೋಣಿಸಿ, ಸರದ ತುದಿಗೆ ತಂತಿಯನ್ನು ಕಟ್ಟಿದರು. ವೋಲ್ಟೇಜು ಹೆಚ್ಚಬೇಕೆ? ಇನ್ನಷ್ಟು ಬಿಲ್ಲೆಗಳನ್ನು ಪೋಣಿಸಿದರಾಯಿತು. ಇಷ್ಟು ಸರಳವಾದ ಉಪಾಯದಿಂದ ತಂತಿಮಾರ್ಗದ ರೂಪವೇ ಬದಲಾಯಿತು. ತೂಗುವ ಸರ ಗಾಳಿಗೆ ಓಲಾಡುತ್ತದೆ. ಓಲಾಡಿದಾಗ ಕಬ್ಬಿಣಕ್ಕೆ ತಗಲಬಾರದು. ಆದ್ದರಿಂದ ತೋಳುಗಳು ಉದ್ದವಾದವು, ಒಂದಕ್ಕೊಂದು ದೂರವಾದವು. ಅವನ್ನು ಹೊರಲು ಕಂಬ ಸಾಲದೆ ಗೋಪುರ ಬೇಕಾಯಿತು. ಆ ಗೋಪುರದ ಮಾದರಿ ಅಷ್ಟರಲ್ಲಿಯೇ ಸಿದ್ಧವಾಗಿತ್ತು. ಬಾವಿಯಿಂದ ನೀರೆತ್ತುವ ಗಾಳಿಯಂತ್ರಗಳಿಗೆ ಅಮೆರಿಕದ ರೈತರು ನಾಲ್ಕು ಕಾಲಿನ ಉಕ್ಕಿನ ಚೌಕಟ್ಟನ್ನು ಬಳಸುತ್ತಿದ್ದರು. 1903ರ ಸುಮಾರಿಗೆ ಮೆಕ್ಸಿಕೊ ದೇಶದ ಗ್ವಾನಾಹ್ವಾಟೊ ಗಣಿಗಳಿಗೆ ಹೋದ ಮಾರ್ಗದಲ್ಲಿ ಆ ಬಗೆಯ ಚೌಕಟ್ಟುಗಳನ್ನೇ ನೆಟ್ಟು ತಂತಿ ಎಳೆದಿದ್ದರು. ಇಂದು ನಮ್ಮ ಬಯಲಿನಲ್ಲಿ ನಿಂತಿರುವ ಗೋಪುರದ ಪೂರ್ವಜ ನೀರೆತ್ತುವ ಗಾಳಿಯಂತ್ರದ ಕಾಲುಗಳೇ. ಮೂಲೆಪಟ್ಟಿಗಳನ್ನು ಬೋಲ್ಟಿನಿಂದ ಜೋಡಿಸಿದ ಈ ಜಾಲಂಧ್ರದ ರಚನೆಯಲ್ಲಿ ಗಾಳಿಗೆ ದಾರಿಯಿದೆ; ಬಿಡಿಬಿಡಿಯಾಗಿ ಬೆಟ್ಟದ ಮೇಲಕ್ಕೂ ಹೊತ್ತೊಯ್ಯಬಹುದು. ಆದ್ದರಿಂದಲೇ ಅದು ನೂರು ವರ್ಷ ಬಾಳಿತು.

ಇನ್ನು ತೋಳುಗಳನ್ನು ಎಣಿಸೋಣ. ವಿದ್ಯುತ್ತು ಸಾಮಾನ್ಯವಾಗಿ ಮೂರು ಧಾರೆಗಳಾಗಿ ಹರಿಯುತ್ತದೆ. ಆದ್ದರಿಂದ ತಂತಿಗಳು ಮೂರು ಮೂರರ ಲೆಕ್ಕದಲ್ಲಿರುತ್ತವೆ. ಗೋಪುರದಲ್ಲಿ ಮೂರು ಸರಗಳಿದ್ದರೆ ಒಂದು ಮಾರ್ಗ. ಎರಡು ಪಕ್ಕಗಳಲ್ಲಿ ಮೂರು ಮೂರರಂತೆ ಆರಿದ್ದರೆ ಒಂದೇ ಗೋಪುರದ ಮೇಲೆ ಎರಡು ಮಾರ್ಗಗಳು. ನೆತ್ತಿಯಲ್ಲಿ ಬಿಲ್ಲೆಯ ಸರವಿಲ್ಲದೆ ನೇರವಾಗಿ ಕಬ್ಬಿಣಕ್ಕೆ ಬಿಗಿದ ತೆಳುವಾದ ತಂತಿಯೊಂದು ಕಾಣುತ್ತದೆ. ಅದರಲ್ಲಿ ಮಾರಾಟದ ವಿದ್ಯುತ್ತಿಲ್ಲ. ಸಿಡಿಲು ಬಡಿದಾಗ ಅದನ್ನು ತಾನು ಹಿಡಿದು ನೆಲಕ್ಕಿಳಿಸುವ ಕಾವಲಿನ ತಂತಿ ಅದು. ಮೂರು ತಂತಿಗಳನ್ನೂ ಒಂದೇ ಮಟ್ಟದಲ್ಲಿ ಅಡ್ಡಸಾಲಾಗಿ ಹೊತ್ತ ಅಗಲವಾದ ಗೋಪುರಕ್ಕೆ ಕೊಂಬಿನಂತೆ ಎರಡು ತುದಿಗಳಿದ್ದು, ಅಲ್ಲಿ ಇಂಥ ಎರಡು ಕಾವಲು ತಂತಿಗಳಿರುತ್ತವೆ. ಒಂದರ ಕೆಳಗೆ ಒಂದರಂತೆ ತಂತಿಗಳನ್ನು ಹೊತ್ತ ಗೋಪುರ ಎತ್ತರವಾಗಿರುತ್ತದೆ, ನೆಲವನ್ನು ಕಡಿಮೆ ಬೇಡುತ್ತದೆ. ಅಡ್ಡಸಾಲಿನ ಗೋಪುರ ಗಿಡ್ಡವಾಗಿರುತ್ತದೆ, ಅಗಲವಾದ ಪಟ್ಟಿಯನ್ನು ಬೇಡುತ್ತದೆ.

ವೋಲ್ಟೇಜನ್ನು ತಿಳಿಯಬೇಕಾದರೆ ಬಿಲ್ಲೆಗಳನ್ನು ಎಣಿಸಬೇಕು. 66 ಕಿಲೋವೋಲ್ಟ್‌ಗೆ ಸುಮಾರು 5 ಅಥವಾ 6 ಬಿಲ್ಲೆಗಳು. 110ಕ್ಕೆ 7 ಅಥವಾ 8. 220ಕ್ಕೆ 13 ಅಥವಾ 14. 400ಕ್ಕೆ 23ರ ಆಸುಪಾಸು. ಇಲ್ಲಿ ನಾಡಿನ ಇತಿಹಾಸವೂ ಬೆರೆತುಕೊಂಡಿದೆ. ಹಳೆಯ ಮೈಸೂರಿನ ದಕ್ಷಿಣ ಭಾಗಗಳಲ್ಲಿ ಊರಿಂದೂರಿಗೆ ವಿದ್ಯುತ್ತನ್ನು ಒಯ್ಯುವ ಮಾರ್ಗಗಳು ಹೆಚ್ಚಾಗಿ 66 ಕಿಲೋವೋಲ್ಟಿನವು; ಉತ್ತರದ ಜಿಲ್ಲೆಗಳಲ್ಲಿ ಮತ್ತು ಕರಾವಳಿಯಲ್ಲಿ 110 ಕಿಲೋವೋಲ್ಟಿನವು. ಮಾತಿನಲ್ಲಿ ಮೈಸೂರು, ಧಾರವಾಡ, ಮಂಗಳೂರು ಎಂಬ ಭೇದಗಳಿರುವಂತೆ ತಂತಿಗಳಲ್ಲಿಯೂ ಪ್ರಾಂತಭೇದ ಉಳಿದುಬಂದಿದೆ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಅರವತ್ತರ ದಶಕದಲ್ಲಿ ಶರಾವತಿಯ ದೊಡ್ಡ ಯೋಜನೆಯ ಮೊದಲ ಯಂತ್ರ ತಿರುಗಿತು. ಶರಾವತಿಯೊಡನೆ ಮಲೆನಾಡಿನ ಕಾಡನ್ನು ಸೀಳಿಕೊಂಡು 220 ಕಿಲೋವೋಲ್ಟಿನ ಗೋಪುರಗಳು ಬೆಂಗಳೂರಿನ ಕಡೆಗೆ ನಡೆದವು. ಇತ್ತೀಚಿನ ಮಾರ್ಗಗಳಲ್ಲಿ ಪಿಂಗಾಣಿಯ ಬದಲು ರಬ್ಬರಿನಂಥ ಒಂದೇ ಉದ್ದನೆಯ ನಿರೋಧಕವನ್ನು ಬಳಸುವುದುಂಟು. ಅದರಲ್ಲಿ ಎಣಿಸಲು ಬಿಲ್ಲೆಗಳಿಲ್ಲ. ಉದ್ದವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಇನ್ನೊಂದು ಗುರುತು ತಂತಿಗಳ ಕಂತೆ. 220ರವರೆಗೆ ಒಂದು ಧಾರೆಗೆ ಸಾಮಾನ್ಯವಾಗಿ ಒಂದೇ ತಂತಿ. ಅದಕ್ಕೂ ಮೇಲಿನ ವೋಲ್ಟೇಜಿನಲ್ಲಿ ತಂತಿಯ ಸುತ್ತಲಿನ ಗಾಳಿಯೇ ಸಿಮಿಗುಟ್ಟಿ ವಿದ್ಯುತ್ತನ್ನು ಕುಡಿಯತೊಡಗುತ್ತದೆ. ಮಳೆಗಾಲದ ರಾತ್ರಿ ತಂತಿಯ ಕೆಳಗೆ ಕೇಳಿಬರುವ ಜುಯ್‌ಗುಡುವ ಸದ್ದು ಅದೇ. ಅದನ್ನು ತಗ್ಗಿಸಲು ಒಂದರ ಬದಲು ಎರಡು, ನಾಲ್ಕು ತಂತಿಗಳನ್ನು ಅಂಗೈಯಗಲಕ್ಕಿಂತ ಹೆಚ್ಚಿನ ಅಂತರದಲ್ಲಿ ಜೊತೆಗೂಡಿಸಿ ಒಂದೇ ತಂತಿಯೆಂಬಂತೆ ಒಯ್ಯುತ್ತಾರೆ. ಜೋಡಿ ತಂತಿ ಕಂಡರೆ ಬಹುಮಟ್ಟಿಗೆ 400 ಕಿಲೋವೋಲ್ಟ್ ಎಂದು ತಿಳಿಯಬಹುದು. ಭಾರತದಲ್ಲಿ 400ರ ಯುಗ ಉತ್ತರದಲ್ಲಿ 1977ರಲ್ಲಿ ಆರಂಭವಾಯಿತು. ನಾಲ್ಕರ ಕಂತೆಯನ್ನು 765 ಕಿಲೋವೋಲ್ಟಿನ ಮಾರ್ಗಗಳಲ್ಲಿ ಕಾಣಬಹುದು. ಈ ತಂತಿಗಳಿಗೆ ಇಂಜಿನಿಯರುಗಳು ಇಟ್ಟ ಹೆಸರುಗಳಲ್ಲಿ ಒಂದು ಮೃಗಾಲಯವೇ ಇದೆ: ಪ್ಯಾಂಥರ್, ಝೀಬ್ರಾ, ಮೂಸ್. ಬ್ರಿಟನ್ನಿನಿಂದ ಬಂದ ಪದ್ಧತಿಯಿದು. ನಮ್ಮ 220ರ ಮಾರ್ಗಗಳಲ್ಲಿ ಝೀಬ್ರಾ, 400ರಲ್ಲಿ ಮೂಸ್ ಬಹಳ ಕಾಲದಿಂದ ರೂಢಿಯಲ್ಲಿವೆ. ಆಫ್ರಿಕದ ಮತ್ತು ಶೀತದೇಶಗಳ ಪ್ರಾಣಿಗಳು ರಾಗಿಯ ಹೊಲದ ಮೇಲೆ ಓಡುತ್ತಿರುವುದನ್ನು ಹೊಲದ ಒಡೆಯ ಅರಿಯ.

ಕಡೆಯ ಅಕ್ಷರ ಗೋಪುರದ ನಿಲುವು. ಒಂದೇ ಮಾರ್ಗದಲ್ಲಿ ಸಾಲಾಗಿ ನಿಂತ ಗೋಪುರಗಳನ್ನು ಗಮನವಿಟ್ಟು ನೋಡಿದರೆ ಹತ್ತರಲ್ಲಿ ಒಂದೆರಡು ಬೇರೆಯಾಗಿ ಕಾಣುತ್ತವೆ. ಉಳಿದವುಗಳಲ್ಲಿ ಬಿಲ್ಲೆಗಳ ಸರ ನೇರವಾಗಿ ಕೆಳಕ್ಕೆ ತೂಗುತ್ತಿದ್ದರೆ ಇವುಗಳಲ್ಲಿ ಸರಗಳು ತಂತಿಯ ದಿಕ್ಕಿನಲ್ಲಿಯೇ ಅಡ್ಡಲಾಗಿ ಚಾಚಿಕೊಂಡಿರುತ್ತವೆ. ಎರಡು ಸರಗಳ ನಡುವೆ ತಂತಿಯ ತುಂಡೊಂದು ತೋರಣದಂತೆ ಜೋಲುತ್ತಿರುತ್ತದೆ. ಇದು ಮಾರ್ಗ ತಿರುಗುವ ಸ್ಥಳ. ತೇರು ನೇರ ಬೀದಿಯಲ್ಲಿ ಹೋಗುವಾಗಿನ ಶ್ರಮ ಒಂದು, ಬೀದಿಯ ಮೂಲೆಯಲ್ಲಿ ತಿರುಗುವಾಗಿನ ಶ್ರಮ ಮತ್ತೊಂದು. ನೇರ ಮಾರ್ಗದ ಗೋಪುರ ತಂತಿಯ ಭಾರವನ್ನೂ ಗಾಳಿಯ ಹೊಡೆತವನ್ನೂ ಹೊತ್ತರೆ ಸಾಕು. ತಿರುವಿನ ಗೋಪುರ ಎರಡು ಕಡೆಯ ಎಳೆತವನ್ನು ತಡೆದುಕೊಳ್ಳಬೇಕು. ನಮ್ಮ ದೇಶದಲ್ಲಿ ಇವುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಎ ಬಗೆಯದು 2 ಡಿಗ್ರಿಯವರೆಗಿನ ತಿರುವಿಗೆ, ಬಿ 15 ಡಿಗ್ರಿಯವರೆಗೆ, ಸಿ 30ರವರೆಗೆ, ಡಿ 60ರವರೆಗೆ ಮತ್ತು ಮಾರ್ಗ ಮುಗಿಯುವ ಕಡೆಗೆ. ಎಯಿಂದ ಡಿಗೆ ಹೋದಂತೆ ಕಾಲುಗಳು ಅಗಲವಾಗುತ್ತವೆ, ಉಕ್ಕು ಹೆಚ್ಚುತ್ತದೆ, ವೆಚ್ಚವೂ ಹೆಚ್ಚುತ್ತದೆ.

ಆದ್ದರಿಂದ ಇಂಜಿನಿಯರಿಗೆ ನೇರ ರೇಖೆಯ ಮೇಲೆ ಪ್ರೀತಿ. ಮಾರ್ಗ ಎಲ್ಲಿ ತಿರುಗಿದೆಯೋ ಅಲ್ಲಿ ತಿರುಗಲೇಬೇಕಾದ ಒಂದು ಕಾರಣವಿರುತ್ತದೆ: ಊರು, ಕೆರೆ, ದೇವಸ್ಥಾನ, ಶಾಲೆ, ಕಾಡು. ಎಲ್ಲಿ ತಿರುಗದೆ ನೇರವಾಗಿ ಹೋಗಿದೆಯೋ ಅಲ್ಲಿಯೂ ಒಂದು ಕಥೆಯಿದೆ. ಅದು ಹೊಲದವನ ಕಥೆ.

ಗೋಪುರಗಳ ಚೆಲುವಿನ ಬಗೆಗೆ ವಾದ ನಡೆದ ದೇಶ ಇಂಗ್ಲೆಂಡು. 1926ರ ಕಾಯಿದೆಯಂತೆ ಬ್ರಿಟನ್ನಿನಲ್ಲಿ ರಾಷ್ಟ್ರೀಯ ವಿದ್ಯುಜ್ಜಾಲವನ್ನು ಕಟ್ಟಲು ಹೊರಟಾಗ, ಅಮೆರಿಕದ ಸಂಸ್ಥೆಯೊಂದು ಒದಗಿಸಿದ ಗೋಪುರದ ವಿನ್ಯಾಸವನ್ನು ಒಪ್ಪಲು ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ಎಂಬ ಪ್ರಖ್ಯಾತ ವಾಸ್ತುಶಿಲ್ಪಿಯ ಸಲಹೆ ಪಡೆದರು. 1928ರ ಜುಲೈನಲ್ಲಿ ಎಡಿನ್‌ಬರೋ ಸಮೀಪ ಮೊದಲ ಗೋಪುರ ಎದ್ದಿತು. ಹಸಿರು ಗುಡ್ಡಗಳ ನೋಟ ಹಾಳಾಯಿತೆಂದು ಸಾಹಿತಿಗಳೂ ಸಾರ್ವಜನಿಕರೂ ದೂರಿದರು. ಸ್ಟೀಫನ್ ಸ್ಪೆಂಡರ್ ಇವುಗಳನ್ನೇ ಕುರಿತು ಕವಿತೆ ಬರೆದರು; ಆ ಪೀಳಿಗೆಯ ಕೆಲವರಿಗೆ ‘ಪೈಲನ್ ಕವಿಗಳು’ ಎಂಬ ಅಡ್ಡಹೆಸರೇ ಬಂದಿತು. 2011ರಲ್ಲಿ ಹೊಸ ಆಕಾರಕ್ಕಾಗಿ ಅಲ್ಲಿ ಸ್ಪರ್ಧೆಯನ್ನೇ ನಡೆಸಿದರು. ಗೆದ್ದದ್ದು ಡೆನ್ಮಾರ್ಕಿನವರ, ಇಂಗ್ಲಿಷಿನ ‘ಟಿ’ ಅಕ್ಷರವನ್ನು ಹೋಲುವ ಒಂದೇ ಕಂಬದ ಗಿಡ್ಡ ರಚನೆ.

ನಮ್ಮಲ್ಲಿ ವಾದ ನಡೆದದ್ದು ಚೆಲುವಿನ ಬಗೆಗಲ್ಲ, ನೆಲದ ಬಗೆಗೆ ಮತ್ತು ಬೆಳಕಿನ ಬಗೆಗೆ. 66 ಕಿಲೋವೋಲ್ಟಿನ ಮಾರ್ಗದ ಕೆಳಗೆ ಸುಮಾರು 18 ಮೀಟರ್ ಅಗಲದ ಪಟ್ಟಿಯನ್ನು, 220ರ ಕೆಳಗೆ 35 ಮೀಟರ್ ಅಗಲದ ಪಟ್ಟಿಯನ್ನು ತೆರವಾಗಿಡಬೇಕು. ಅಲ್ಲಿ ರಾಗಿ ಬೆಳೆಯಬಹುದು. ತೆಂಗು ಬೆಳೆಯುವಂತಿಲ್ಲ, ಮನೆ ಕಟ್ಟುವಂತಿಲ್ಲ. ಇಷ್ಟಾಗಿಯೂ ಆ ನೆಲ ದಾಖಲೆಯಲ್ಲಿ ರೈತನದೇ. ಸರ್ಕಾರ ಅದನ್ನು ಕೊಂಡುಕೊಳ್ಳುವುದಿಲ್ಲ. ಟೆಲಿಗ್ರಾಫ್ ತಂತಿ ಎಳೆಯುವುದಕ್ಕಾಗಿ 1885ರಲ್ಲಿ ಮಾಡಿದ ಕಾಯಿದೆಯ ಅಧಿಕಾರವನ್ನೇ 2003ರ ವಿದ್ಯುತ್ ಕಾಯಿದೆಯೂ ಗೋಪುರಗಳಿಗೆ ಎರವಲು ತಂದಿತು. ಬೆಳೆಗೆ, ಮರಕ್ಕೆ ಆದ ಹಾನಿಯನ್ನು ತುಂಬಿಕೊಟ್ಟರೆ ಸಾಕೆಂಬುದು ಅದರ ಹಳೆಯ ಭಾವನೆ. ನೆಲದ ಬೆಲೆಯೇ ಕುಗ್ಗುತ್ತದೆಂಬ ಮಾತಿಗೆ ಕೇಂದ್ರ ಸರ್ಕಾರ ಮಾರ್ಗಸೂಚಿಯ ರೂಪದಲ್ಲಿ ಕಿವಿಗೊಟ್ಟದ್ದು 2015ರಲ್ಲಿ: ಗೋಪುರದ ಕಾಲುಗಳ ನಡುವಣ ನೆಲಕ್ಕೆ ಅದರ ಮೌಲ್ಯದ ಶೇಕಡಾ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇಕಡಾ 15. 2024ರ ಮಾರ್ಗಸೂಚಿ ಇವನ್ನು ಶೇಕಡಾ 200 ಮತ್ತು 30ಕ್ಕೆ ಏರಿಸಿತು. ಇದೇ ನಾಡಿನ ಪಾವಗಡದಲ್ಲಿ ಸೌರ ವಿದ್ಯುತ್ತಿಗಾಗಿ ಸುಮಾರು 13,000 ಎಕರೆ ನೆಲವನ್ನು ಪಡೆದಾಗ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಯ ಹಣ ಗೊತ್ತುಮಾಡಿದರು. ವಿದ್ಯುತ್ತನ್ನು ಹುಟ್ಟಿಸುವ ನೆಲಕ್ಕೆ ವರ್ಷವರ್ಷವೂ ಬಾಡಿಗೆ, ಅದನ್ನು ಹೊತ್ತೊಯ್ಯುವ ದಾರಿಯ ನೆಲಕ್ಕೆ ಒಂದು ಸಲದ ಪರಿಹಾರ. ಈ ತಾರತಮ್ಯವನ್ನು ಹೊಲದವನು ಚೆನ್ನಾಗಿ ಬಲ್ಲ.

ಬೆಳಕಿನ ಪ್ರಶ್ನೆ ಇನ್ನೂ ಹಳೆಯದು. ನಮ್ಮ ತಲೆಯ ಮೇಲೆ ಇಷ್ಟೊಂದು ಕರೆಂಟು ಹೋಗುತ್ತಿರುವಾಗ ನಮ್ಮ ಮನೆಯಲ್ಲೇಕೆ ಕತ್ತಲೆ ಎಂದು ಹಳ್ಳಿಗರು ಕೇಳುತ್ತ ಬಂದಿದ್ದಾರೆ. ಇಂಜಿನಿಯರ ಉತ್ತರ ಸರಿಯಾದದ್ದೇ: ಆ ವೋಲ್ಟೇಜು ಮನೆಗೆ ಬಾರದು. 220ರಿಂದ 66ಕ್ಕೆ, 66ರಿಂದ 11ಕ್ಕೆ, ಅಲ್ಲಿಂದ ಮನೆಯ 230 ವೋಲ್ಟಿಗೆ ಮೆಟ್ಟಲು ಮೆಟ್ಟಲಾಗಿ ಇಳಿಯಬೇಕು. ಒಂದೊಂದು ಮೆಟ್ಟಲಿಗೂ ಒಂದು ಉಪಕೇಂದ್ರವೋ ಟ್ರಾನ್ಸ್‌ಫಾರ್ಮರೋ ಬೇಕು. ಆದರೆ ಈ ಉತ್ತರ ಅರ್ಧ ಮಾತ್ರ. ಮೆಟ್ಟಲುಗಳನ್ನು ಎಲ್ಲಿ ಕಟ್ಟಬೇಕೆಂಬುದನ್ನು ಭೌತಶಾಸ್ತ್ರ ನಿರ್ಧರಿಸುವುದಿಲ್ಲ, ಮನುಷ್ಯರು ನಿರ್ಧರಿಸುತ್ತಾರೆ. 1902ರಲ್ಲಿ ಆ ಮೆಟ್ಟಲು ಚಿನ್ನದ ಗಣಿಯ ಬಾಯಲ್ಲಿತ್ತು.

ಕೋಲಾರದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಎರಡು ವರ್ಷಗಳ ತರುವಾಯ, 2003ರಲ್ಲಿ, ಅದೇ ಜಿಲ್ಲೆಗೆ ಮತ್ತೊಂದು ತಂತಿಮಾರ್ಗ ಬಂದು ಮುಟ್ಟಿತು. ಒಡಿಶಾದ ತಾಲ್ಚೇರ್ ಕಲ್ಲಿದ್ದಲ ಸ್ಥಾವರದಿಂದ ಹೊರಟು 1,300 ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿ ಕೋಲಾರದ ಬಳಿ ಮುಗಿಯುವ ಮಾರ್ಗ ಅದು. ಅದರ ಗೋಪುರವನ್ನು ಗುರುತಿಸುವುದು ಅತಿ ಸುಲಭ: ಎರಡೇ ತೋಳುಗಳು, ಎರಡೇ ಕಂತೆಗಳು. ಮೂರರ ಲೆಕ್ಕ ಇಲ್ಲಿಲ್ಲ. ಏಕೆಂದರೆ ಇದರಲ್ಲಿ ಹರಿಯುವುದು ಹಿಂದುಮುಂದಾಗುವ ವಿದ್ಯುತ್ತಲ್ಲ, ಒಂದೇ ದಿಕ್ಕಿನ ನೇರ ವಿದ್ಯುತ್ತು. ಒಂದು ಕಂತೆಯಲ್ಲಿ 5 ಲಕ್ಷ ವೋಲ್ಟ್ ಧನ, ಇನ್ನೊಂದರಲ್ಲಿ 5 ಲಕ್ಷ ವೋಲ್ಟ್ ಋಣ. ಆಗ ದಕ್ಷಿಣದ ವಿದ್ಯುಜ್ಜಾಲದ ನಾಡಿಮಿಡಿತ ದೇಶದ ಉಳಿದ ಭಾಗದೊಡನೆ ಹೊಂದಿಕೊಂಡಿರಲಿಲ್ಲ. ಮಿಡಿತ ಬೇರೆಯಾದ ಎರಡು ಜಾಲಗಳ ನಡುವೆ ನೇರ ವಿದ್ಯುತ್ತೊಂದೇ ಸಂಧಾನಕಾರ. ಆ ಮಿಡಿತ ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗಕ್ಕೆ ವಿದ್ಯುತ್ತು ಹರಿದಾಗ. ಅಂದಿನಿಂದ ಇಡೀ ದೇಶ ಒಂದೇ ಜಾಲ.

ಕೋಲಾರದ ಬಯಲಿನಲ್ಲಿ ಈ ಶತಮಾನದ ಕಥೆ ಕಬ್ಬಿಣದಲ್ಲಿ ಬರೆದಿದೆ. ಒಂದು ಕಾಲಕ್ಕೆ ಕನ್ನಡನಾಡಿನ ನದಿಯ ವಿದ್ಯುತ್ತು ಒಂದೇ ಒಂದು ಗಿರಾಕಿಗಾಗಿ ಅಲ್ಲಿಗೆ ಹೋಯಿತು. ಇಂದು ಹೊರನಾಡಿನ ಕಲ್ಲಿದ್ದಲ ವಿದ್ಯುತ್ತು ಅಲ್ಲಿಗೆ ಬಂದು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಹೋಗುತ್ತದೆ. ತೋಳುಗಳ ಸಂಖ್ಯೆ ಬದಲಾಗಿದೆ, ಬಿಲ್ಲೆಗಳ ಸಂಖ್ಯೆ ಬೆಳೆದಿದೆ, ಗಿರಾಕಿಗಳು ಲಕ್ಷೋಪಲಕ್ಷವಾಗಿದ್ದಾರೆ. ಬದಲಾಗದೆ ಉಳಿದದ್ದು ಗೋಪುರದ ನಾಲ್ಕು ಕಾಲುಗಳು ಯಾರದೋ ಹೊಲದಲ್ಲಿ ನಿಂತಿವೆ ಎಂಬ ಸಂಗತಿ. ಮುಂದಿನ ಸಲ ದಾರಿಯಲ್ಲಿ ಇಂಥದೊಂದು ಸಾಲು ಎದುರಾದಾಗ ಕೇಳುಗರು ತೋಳುಗಳನ್ನು ಎಣಿಸಲಿ, ಬಿಲ್ಲೆಗಳನ್ನು ಎಣಿಸಲಿ. ಬಳಿಕ ದೃಷ್ಟಿಯನ್ನು ಕೆಳಕ್ಕಿಳಿಸಿ, ಕಾಲುಗಳ ನಡುವೆ ಏನು ಬೆಳೆದಿದೆಯೆಂಬುದನ್ನೂ ನೋಡಲಿ. ಶಾಸನದ ಕಡೆಯ ಸಾಲು ಇರುವುದು ಅಲ್ಲಿ.